ಸಹಿ ಹಾಕುವ ಮುಂಚೆ ಪಾಲಿಸಿ ಓದು, ಮಗೂ

ಸ್ನೇಹಿತರಿಬ್ಬರ ಜೊತೆ ಸೇರಿ ಹಳೆಯ ಸೆಸ್ನಾ 172 ವಿಮಾನ ಕೊಳ್ಳುತ್ತೀಯಂತೆ. ಕೇಳಿ ಎದೆ ತುಂಬಿತು. ಈಗ ಸ್ವಂತಕ್ಕೆ ಹಾರಾಟ, ಆಮೇಲೆ ಚಾರ್ಟರ್, ಕೈ ಕುದುರಿದರೆ ಒಂದು ತರಬೇತಿ ಶಾಲೆ. ಯೋಜನೆ ಚೆನ್ನಾಗಿದೆ. ರೆಕ್ಕೆಗೆ ಬಳಿಯುವ ಬಣ್ಣವೂ ತೀರ್ಮಾನವಾಗಿದೆ ಅಂತ ನಿಮ್ಮಮ್ಮ ಹೇಳಿದಳು. ವಿಮೆಯ ಮಾತೆತ್ತಿದರೆ ಮಾತ್ರ "ಅದೆಲ್ಲ ಬ್ರೋಕರ್ ನೋಡ್ಕೋತಾರೆ ತಾತ" ಅಂತ ತೇಲಿಸಿಬಿಟ್ಟೆ. ಬ್ರೋಕರ್ ನೋಡಿಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಪ್ರಪೋಸಲ್ ಫಾರಂಗೆ ಸಹಿ ಹಾಕುವುದು ನೀನು. ಅದರಲ್ಲಿ ಬರೆದ ಒಂದೊಂದು ಸಾಲಿಗೂ ನಾಳೆ ಉತ್ತರ ಕೊಡಬೇಕಾದ್ದೂ ನೀನೇ. ವಿಮಾನದ ಪಾಲಿಸಿಗಳ ಜೊತೆ ನೌಕರಿಯ ಬಹುಪಾಲು ಕಳೆದವನು ನಾನು. ನಾಲ್ಕು ಮಾತು ಹೇಳ್ತೀನಿ, ಫೋನ್ ಪಕ್ಕಕ್ಕಿಟ್ಟು ಕೇಳು.

ಕಾರಿನ ಪಾಲಿಸಿ ಊರಿಗೆಲ್ಲ ಒಂದೇ ಅಚ್ಚು. ವಿಮಾನದ್ದು ಹಾಗಲ್ಲ. ಯಾರು ಹಾರಿಸುತ್ತಾರೆ, ಈ ಮಾದರಿಯ ಮೇಲೆ ಅವರಿಗೆ ಎಷ್ಟು ಗಂಟೆ ಆಗಿದೆ, ವಿಮಾನ ರಾತ್ರಿ ಎಲ್ಲಿ ನಿಲ್ಲುತ್ತದೆ, ಹಿಂದೆ ಎಲ್ಲಾದರೂ ಪೆಟ್ಟು ಬಿದ್ದಿದೆಯೇ, ದುಡ್ಡು ತಗೊಂಡು ಹಾರಿಸುತ್ತೀರೋ ಶೋಕಿಗೋ, ಇಷ್ಟನ್ನೂ ಕೇಳಿ ಆಮೇಲೆ ದರ ಹೇಳುತ್ತಾರೆ. ಇಲ್ಲಿನ ವಿಮಾ ಕಂಪನಿ ಈ ಭಾರವನ್ನೆಲ್ಲ ಒಂದೇ ಹೆಗಲ ಮೇಲೆ ಹೊರುವುದೂ ಇಲ್ಲ. ಒಂದು ಪಾಲು ಜಿಐಸಿ ರೀ ಎಂಬ ಮರುವಿಮೆಯ ಸಂಸ್ಥೆಗೆ, ದೊಡ್ಡ ಮೊತ್ತವಾದರೆ ಇನ್ನೊಂದು ಪಾಲು ಲಂಡನ್ನಿನ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಕೂತವರು ನಮ್ಮ ಜಕ್ಕೂರಿನ ಏರೋಡ್ರೋಮನ್ನೂ ಕಂಡಿಲ್ಲ, ನಿನ್ನನ್ನೂ ಕಂಡಿಲ್ಲ. ನೀನು ಬರೆದುಕೊಟ್ಟ ಮಾತೊಂದೇ ಅವರಿಗೆ ಆಧಾರ. ಅದಕ್ಕೇ ವಿಮೆಯ ಕಾನೂನಿನಲ್ಲಿ ಕೇಳದಿದ್ದರೂ ನಿಜ ಹೇಳಬೇಕಾದ ಹೊಣೆ ನಿನ್ನ ಮೇಲಿದೆ. ವಿಮಾನ ಐದು ವರ್ಷದ ಹಿಂದೆ ರನ್‌ವೇ ಬಿಟ್ಟು ಜಾರಿ ಪ್ರೊಪೆಲರ್ ಬಾಗಿಸಿಕೊಂಡಿದ್ದರೆ ಅದನ್ನೂ ಬರೆ. ಬರೆದರೆ ಪ್ರೀಮಿಯಂ ಸ್ವಲ್ಪ ಏರಬಹುದು. ಮುಚ್ಚಿಟ್ಟರೆ ಕ್ಲೇಮಿನ ದಿನ ಪಾಲಿಸಿಯೇ ಇರುವುದಿಲ್ಲ.

ಪಾಲಿಸಿ ಕೈಗೆ ಬಂದ ದಿನ ಮೊದಲು ಹುಡುಕಬೇಕಾದ್ದು ಪೈಲಟ್‌ಗಳ ಷರತ್ತು. ಸಾಮಾನ್ಯವಾಗಿ ಅಲ್ಲಿ ಹೆಸರುಗಳಿರುತ್ತವೆ. ಇಲ್ಲವೇ ಒಟ್ಟು ಇಷ್ಟು ಗಂಟೆ, ಈ ಮಾದರಿಯಲ್ಲಿ ಇಷ್ಟು ಗಂಟೆ ಹಾರಿದವರು ಮಾತ್ರ ಅಂತ ಇರುತ್ತದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಯಾರಾದರೂ "ಒಂದೇ ಒಂದು ರೌಂಡು ಮಚ್ಚಾ" ಅಂದರೆ ನಿನ್ನ ಬಾಯಲ್ಲಿ ಇಲ್ಲ ಅನ್ನೋ ಮಾತೇ ಬರಲ್ಲ. ಕಾಲೇಜಿನಲ್ಲಿ ಬೈಕ್ ಕೊಟ್ಟ ಹಾಗೆ ವಿಮಾನದ ಕೀ ಕೊಡಬೇಡ. ಆ ಸ್ನೇಹಿತ ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು ಬಂದಿರಬಹುದು, ನಿನಗಿಂತ ಚೆನ್ನಾಗಿ ಇಳಿಸಲೂಬಹುದು. ಪಾಲಿಸಿಯಲ್ಲಿ ಅವನ ಹೆಸರಿಲ್ಲದಿದ್ದರೆ, ಅವನ ಗಂಟೆ ಷರತ್ತಿಗೆ ಸಾಲದಿದ್ದರೆ, ಆ ಹಾರಾಟಕ್ಕೆ ವಿಮೆ ಇಲ್ಲ. ನಿನ್ನದೇ ಮೆಡಿಕಲ್ ಸರ್ಟಿಫಿಕೇಟ್‌ನ ಅವಧಿ ಮುಗಿದು ಎರಡೇ ದಿನವಾಗಿದ್ದರೂ ಅದೇ ಕಥೆ. ವಿಮಾನದ ಏರ್‌ವರ್ದಿನೆಸ್ ಕಾಗದ, ಅದರ ಪುನರ್‌ಪರಿಶೀಲನೆಯ ಪ್ರಮಾಣಪತ್ರ, ರೇಡಿಯೋ ಲೈಸೆನ್ಸು, ಪೈಲಟ್ ಲೈಸೆನ್ಸು, ಮೆಡಿಕಲ್, ಇವುಗಳ ತಾರೀಖನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಹ್ಯಾಂಗರ್ ಗೋಡೆಗೆ ಅಂಟಿಸು. ಫೋನಿನಲ್ಲಿ ರಿಮೈಂಡರ್ ಇದೆ ಅನ್ನಬೇಡ. ನಿನ್ನ ರಿಮೈಂಡರುಗಳ ಗತಿ ಮನೆಯವರಿಗೆಲ್ಲ ಗೊತ್ತು.

ಇನ್ನು 'ಉಪಯೋಗ' ಅನ್ನೋ ಕಾಲಂ. ಖಾಸಗಿ ಬಳಕೆ ಅಂತ ಬರೆಸಿದ ಮೇಲೆ ಒಂದು ರೂಪಾಯಿ ಬಾಡಿಗೆಗೂ ಯಾರನ್ನೂ ಕೂರಿಸಬೇಡ. ಚಾರ್ಟರ್‌ಗೆ ವಿಮಾನಯಾನದ ನಿಯಂತ್ರಕ ಡಿಜಿಸಿಎಯಿಂದ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಬೇಕು, ಶಾಲೆಗೆ ಬೇರೆ ಒಪ್ಪಿಗೆ ಬೇಕು. ಇವೆರಡಕ್ಕೂ ಪಾಲಿಸಿ ಬೇರೆ, ದರ ಬೇರೆ. ಹೊಸಬರು ಇಳಿಸಲು ಕಲಿಯುವ ವಿಮಾನಕ್ಕೆ ದರ ಹೆಚ್ಚೇ ಇರುತ್ತದೆ, ಇರಬೇಕಾದ್ದೂ ನ್ಯಾಯ. "ಪರಿಚಯದವರು, ಪೆಟ್ರೋಲ್ ಖರ್ಚಿಗೆ ಅಂತ ಕೊಟ್ಟರು" ಅನ್ನುವ ಸಬೂಬು ನಷ್ಟ ಅಳೆಯಲು ಬರುವ ಸರ್ವೇಯರ್ ಮುಂದೆ ನಡೆಯುವುದಿಲ್ಲ. ಅವರು ಬ್ಯಾಂಕ್ ಪಾಸ್‌ಬುಕ್ಕನ್ನೂ ಕೇಳುತ್ತಾರೆ.

ಈಗ ವಿಮಾನದ ಬೆಲೆ. ಹಲ್ ವಿಮೆ ಅಂದರೆ ವಿಮಾನದ ಒಡಲಿಗೆ ಮಾಡಿಸುವ ವಿಮೆ. ಅದರಲ್ಲಿ ಸಾಮಾನ್ಯವಾಗಿ 'ಒಪ್ಪಿದ ಮೌಲ್ಯ' ಅಂತ ಒಂದು ಅಂಕಿ ಬರೆಯುತ್ತಾರೆ. ಪ್ರೀಮಿಯಂ ಉಳಿಸೋಣ ಅಂತ ನಿಮ್ಮ ಮೂವರಲ್ಲಿ ಯಾರಾದರೂ ಈ ಅಂಕಿಯನ್ನು ಇಳಿಸುವ ಸಲಹೆ ಕೊಟ್ಟೇ ಕೊಡುತ್ತಾರೆ. ಲೆಕ್ಕ ಹಾಕಿ ನೋಡು. ವಿಮಾನದ ನಿಜವಾದ ಬೆಲೆ 80 ಲಕ್ಷ, ನೀವು ಬರೆಸಿದ್ದು 50 ಲಕ್ಷ ಅಂತಿಟ್ಟುಕೋ. ಗಡುಸಾಗಿ ಇಳಿದು ಮುಂದಿನ ಚಕ್ರ ಮುರಿಯಿತು, ಪ್ರೊಪೆಲರ್ ನೆಲಕ್ಕೆ ಬಡಿಯಿತು, ಎಂಜಿನ್ ಬಿಚ್ಚಬೇಕಾಯಿತು. ರಿಪೇರಿಗೆ 45 ಲಕ್ಷ. ರಿಪೇರಿ ಮಾಡಿಸುವ ಬದಲು ವಿಮಾ ಕಂಪನಿ ಇದನ್ನು ಪೂರ್ತಿ ನಷ್ಟ ಅಂತ ತೀರ್ಮಾನಿಸಿ 50 ಲಕ್ಷ ಕೊಟ್ಟು ಮುರಿದ ವಿಮಾನವನ್ನು ತಾನೇ ಎತ್ತಿಕೊಂಡು ಹೋಗಬಹುದು. ಮಾರುಕಟ್ಟೆಯಲ್ಲಿ ಅಂಥದ್ದೇ ಇನ್ನೊಂದು ಕೊಳ್ಳಲು ನಿಮ್ಮ ಕೈಯಿಂದ 30 ಲಕ್ಷ ಬೀಳುತ್ತದೆ. ಬೆಲೆ ಏರಿಸಿ ಬರೆಸುವುದೂ ತಪ್ಪೇ. ಆಗ ರಿಪೇರಿಗೇ ಯೋಗ್ಯವಲ್ಲದ್ದನ್ನು ಹಟ ಹಿಡಿದು ರಿಪೇರಿ ಮಾಡಿಸಿ ನಿನ್ನ ಕೈಗಿಡುತ್ತಾರೆ. ತಿಳಿದವರಿಂದ ಬೆಲೆ ಕಟ್ಟಿಸಿ ಅದನ್ನೇ ಬರೆಸು.

ಎಂಜಿನ್ ಬಗ್ಗೆ ಒಂದು ಭ್ರಮೆ ಎಲ್ಲರಿಗೂ ಇರುತ್ತದೆ, ನಿನಗೂ ಇದೆ. ಸೆಸ್ನಾ 172ರಲ್ಲಿ ಬರುವ ಲೈಕಮಿಂಗ್ ಎಂಜಿನ್‌ಗೆ ಸಾಮಾನ್ಯವಾಗಿ 2000 ಗಂಟೆಗೊಮ್ಮೆ ಓವರ್‌ಹಾಲ್ ಆಗಬೇಕು. ಸವೆತ, ತುಕ್ಕು, ತಾನಾಗಿ ಕೆಟ್ಟುಹೋಗುವುದು, ಇದ್ಯಾವುದಕ್ಕೂ ವಿಮೆ ಹಣ ಕೊಡುವುದಿಲ್ಲ. ಆಕಾಶದಲ್ಲಿ ಒಂದು ವಾಲ್ವ್ ಮುರಿದು ಎಂಜಿನ್ ನಿಂತಿತು, ನೀನು ದೊಡ್ಡಬಳ್ಳಾಪುರದ ಹತ್ತಿರ ಯಾವುದೋ ರಾಗಿ ಹೊಲದಲ್ಲಿ ಇಳಿಸಿದೆ ಅಂತಿಟ್ಟುಕೋ. ಇಳಿಸುವಾಗ ರೆಕ್ಕೆಗೆ, ಚಕ್ರಕ್ಕೆ ಆದ ಪೆಟ್ಟಿಗೆ ಹಣ ಬರುತ್ತದೆ. ಕೆಟ್ಟ ಎಂಜಿನ್‌ದು ನಿನ್ನದೇ ಖರ್ಚು. ಅದಕ್ಕೇ ಹಾರಿದ ಒಂದೊಂದು ಗಂಟೆಗೂ ಇಷ್ಟು ಅಂತ ಓವರ್‌ಹಾಲ್‌ಗೆ ದುಡ್ಡು ಎತ್ತಿಡು. ಆ ಹಣಕ್ಕೆ ಬೇರೆಯೇ ಖಾತೆ ಇರಲಿ. ಹಬ್ಬ ಬಂತು, ಪ್ರವಾಸ ಬಂತು ಅಂತ ಅದಕ್ಕೆ ಕೈ ಹಾಕಬೇಡ.

ವಿಮಾನಕ್ಕೆ ಪೆಟ್ಟು ಬೀಳುವುದೆಲ್ಲ ಆಕಾಶದಲ್ಲೇ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಮೇಜಿಗೆ ಬರುತ್ತಿದ್ದ ಎಷ್ಟೋ ಕ್ಲೇಮುಗಳು ನೆಲದ ಮೇಲಿನವು. ಜಕ್ಕೂರಿನಲ್ಲಿ ಒಂದು ಸಂಜೆ ಕಂಡದ್ದು ಹೇಳ್ತೀನಿ. ಹುಡುಗನೊಬ್ಬ ಮುಂದಿನ ಚಕ್ರಕ್ಕೆ ಟೋಬಾರ್ ಸಿಕ್ಕಿಸಿ ವಿಮಾನವನ್ನು ಒಬ್ಬನೇ ಹ್ಯಾಂಗರ್ ಒಳಗೆ ಹಿಂದಕ್ಕೆ ತಳ್ಳುತ್ತಿದ್ದ. 172ರ ರೆಕ್ಕೆ ತುದಿಯಿಂದ ತುದಿಗೆ 36 ಅಡಿ. ಅವನ ಕಣ್ಣು ಚಕ್ರದ ಮೇಲಿತ್ತು, ರೆಕ್ಕೆಯ ತುದಿಯಲ್ಲಿ ಯಾರೂ ನಿಂತಿರಲಿಲ್ಲ. 'ಚರ್' ಅಂತ ಸಣ್ಣ ಸದ್ದಾಯಿತು. ಬಾಗಿಲಿನ ಕಬ್ಬಿಣದ ಪಟ್ಟಿ ರೆಕ್ಕೆಯ ಹಿಂಬದಿಯಲ್ಲಿ ಆಡುವ ಏಲೆರಾನ್‌ನ ಅಂಚನ್ನು ಬೆರಳು ತೂರುವಷ್ಟು ಸೀಳಿತ್ತು. ಹುಡುಗ ಅದನ್ನು ಅಂಗೈಯಿಂದ ಒತ್ತಿ ನೇರ ಮಾಡಲು ನೋಡಿದ, ಆಮೇಲೆ ಸುತ್ತಮುತ್ತ ನೋಡಿದ. ಅವನು ಅದನ್ನು ಯಾರಿಗೂ ಹೇಳದೆ ಮನೆಗೆ ಹೋಗಿದ್ದರೆ ಬೆಳಗ್ಗೆ ಇನ್ನೊಬ್ಬ ಅದೇ ವಿಮಾನ ಹತ್ತುತ್ತಿದ್ದ. ಹೇಳಿದ, ದೊಡ್ಡ ಮನಸ್ಸು ಅವನದು. ನಿನ್ನ ಹ್ಯಾಂಗರ್‌ನಲ್ಲಿ ಕೆಲಸದ ಹುಡುಗರು ಇಂಥದ್ದನ್ನು ನಿರ್ಭಯವಾಗಿ ಬಂದು ಹೇಳುವ ಹಾಗೆ ನಡೆದುಕೋ. ಬೈದು ಓಡಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಪಿಟಾಟ್ ಟ್ಯೂಬ್‌ಗೆ ಕವರ್ ಹಾಕದೆ ನಾಲ್ಕು ದಿನ ನಿಲ್ಲಿಸಿದರೆ ಕಣಜ ಅದರ ಬಾಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ಹಾರುವಾಗ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಹಗ್ಗ ಬಿಗಿಯದೆ ಬಯಲಲ್ಲಿ ಬಿಟ್ಟ ವಿಮಾನ ಮಗುಚಿಕೊಳ್ಳುತ್ತದೆ. ಇವಕ್ಕೆ ಬೇಕಾದ್ದು ಒಂದು ಕವರ್, ಮೂರು ಹಗ್ಗ.

ಮುಂದೆ ನೀವು ಬೇರೆಯವರ ವಿಮಾನ ನಿಲ್ಲಿಸಿಕೊಂಡರೆ, ರಿಪೇರಿಗೆ ತಗೊಂಡರೆ, ನಿಮ್ಮ ಹಲ್ ಪಾಲಿಸಿ ಅದಕ್ಕೆ ಬರುವುದಿಲ್ಲ. ಹ್ಯಾಂಗರ್‌ಕೀಪರ್ಸ್ ಲಯಬಿಲಿಟಿ ಅಂತ ಬೇರೆ ಇದೆ, ಅದನ್ನು ಮಾಡಿಸು. ಬೇರೆಯವರಿಗಾದ ಹಾನಿಗೆ ಮಾಡಿಸುವ ಥರ್ಡ್ ಪಾರ್ಟಿ ಒಂದೇ ಸಾಕು ಅನ್ನುವವರ ಮಾತಿಗೂ ಕಿವಿಗೊಡಬೇಡ. 2019ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದ ಪಾರ್ಕಿಂಗ್‌ನಲ್ಲಿ ಸುಮಾರು 300 ಕಾರು ಸುಟ್ಟವಲ್ಲ, ಥರ್ಡ್ ಪಾರ್ಟಿ ಮಾತ್ರ ಮಾಡಿಸಿದ ಪಾಲಿಸಿಯಲ್ಲಿ ಸ್ವಂತ ಕಾರಿನ ಹಣ ಕೇಳಲು ದಾರಿಯೇ ಇರುವುದಿಲ್ಲ. ವಿಮಾನಕ್ಕೂ ಇದೇ ನಿಯಮ.

ಆದರೂ ಮಗೂ, ಹಲ್ ವಿಮೆ ನಿನ್ನ ಆಸ್ತಿಯ ಮಾತು, ಹೋದರೆ ಹೋಯಿತು. ನನಗೆ ನಿದ್ದೆ ಕೆಡಿಸುವುದು ಹೊಣೆಗಾರಿಕೆಯ ವಿಮೆ. ನಿನ್ನ ಜೊತೆ ಕೂತವರು, ನೀನು ಹಾರುವ ದಾರಿಯ ಕೆಳಗೆ ಮನೆ ಮಾಡಿಕೊಂಡವರು, ಅವರ ಪಾಲಿನದು ಅದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಜನ ಸತ್ತರು, ಉಳಿದವರು ಎಂಟೇ ಜನ. ಕರಾವಳಿಯ ಎಷ್ಟು ಮನೆಗಳಲ್ಲಿ ದುಡಿಯುವ ಕೈ ಒಂದೇ ಬೆಳಗಿನಲ್ಲಿ ಇಲ್ಲವಾಯಿತು! ಪರಿಹಾರದ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಒಂದು ಕುಟುಂಬಕ್ಕೆ ಸುಮಾರು 7.64 ಕೋಟಿ ರೂಪಾಯಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಒಬ್ಬ ಪ್ರಯಾಣಿಕನ ಲೆಕ್ಕ ಅದು. ನಿನ್ನ ವಿಮಾನದಲ್ಲಿ ನಾಲ್ಕು ಸೀಟಿದೆ.

ಕೆಳಗಿನವರ ಮಾತು ಬಂತಲ್ಲ, 2025ರ ಜೂನ್ 12ರ ಅಹಮದಾಬಾದಿನ ವಿಮಾನ ಅಪಘಾತ ನೆನಪು ಮಾಡಿಕೋ. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರು. ಅದು ಬಿದ್ದದ್ದು ವೈದ್ಯಕೀಯ ವಿದ್ಯಾರ್ಥಿಗಳ ಹಾಸ್ಟೆಲ್ ಮೇಲೆ, ನೆಲದ ಮೇಲಿದ್ದ 19 ಜನ ಹೋದರು. ಅವರು ಟಿಕೆಟ್ ಕೊಂಡಿರಲಿಲ್ಲ, ಹಾರುವ ಆಸೆಪಟ್ಟಿರಲಿಲ್ಲ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ತಮ್ಮ ಪಾಡಿಗೆ ತಾವಿದ್ದರು. ಜಕ್ಕೂರಿನ ಸುತ್ತ ನಾನು ಕೆಲಸಕ್ಕೆ ಸೇರಿದಾಗ ಹೊಲ, ತೋಟ ಇದ್ದವು. ಈಗ ಅಪಾರ್ಟ್‌ಮೆಂಟು, ಶಾಲೆ, ಫ್ಲೈಓವರು. ಹೊಣೆಗಾರಿಕೆಯ ಮಿತಿ ಬರೆಸುವಾಗ ಕಾನೂನು ಕೇಳುವ ಕನಿಷ್ಠಕ್ಕೆ ನಿಲ್ಲಬೇಡ. ಕಿಟಕಿಯಿಂದ ಕೆಳಗೆ ಏನು ಕಾಣುತ್ತದೋ ಅದನ್ನು ನೋಡಿ ಬರೆಸು.

"ಹತ್ತುವ ಮುಂಚೆ ಬಾಂಡ್ ಮೇಲೆ ಸಹಿ ಹಾಕಿಸಿಕೊಳ್ತೀವಿ, ನಮ್ಮ ಹೊಣೆ ಇಲ್ಲ ಅಂತ" ಅಂದೆಯಲ್ಲ, ಆ ಜಾಣತನ ಬಿಡು. ಅಂತರರಾಷ್ಟ್ರೀಯ ಹಾರಾಟಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ 26ನೇ ವಿಧಿ, ವಾಹಕನ ಹೊಣೆಯನ್ನು ಕಳಚುವ ಇಂಥ ಕರಾರು ಶೂನ್ಯ ಅಂತ ನೇರವಾಗಿ ಹೇಳುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2009ರಲ್ಲಿ. ದೇಶದೊಳಗೆ ಹಾರಿದರೂ ನಂಬಿ ಕೂತವರ ಸಹಿಯನ್ನು ಗುರಾಣಿ ಮಾಡಿಕೊಳ್ಳುವುದು ನಮ್ಮ ಮನೆತನಕ್ಕೆ ಒಪ್ಪುವ ಮಾತಲ್ಲ.

ಯುದ್ಧದ ಷರತ್ತು ಓದಿ ನಗಬೇಡ. ಹಲ್ ಪಾಲಿಸಿಯಿಂದ ಯುದ್ಧವನ್ನು ಹೊರಗಿಟ್ಟಿರುತ್ತಾರೆ. ಅದೇ ಪಟ್ಟಿಯಲ್ಲಿ ಅಪಹರಣ, ಮುಷ್ಕರ, ದಂಗೆ, ಬೇಕಂತಲೇ ಮಾಡಿದ ಹಾನಿ, ಸರ್ಕಾರದ ಜಪ್ತಿ ಎಲ್ಲ ಇರುತ್ತವೆ. ಕೆಲಸ ಬಿಡಿಸಿದ ಸಿಟ್ಟಿಗೆ ಯಾರೋ ರಾತ್ರಿ ಬಂದು ವೈರ್ ಕತ್ತರಿಸಿದರೆ ಅದೂ ಈ ಪಟ್ಟಿಗೇ ಸೇರುತ್ತದೆ. ಇದಕ್ಕೆ ಹೆಚ್ಚುವರಿ ಹಣ ಕಟ್ಟಿ ಬೇರೆ ರಕ್ಷಣೆ ತಗೋಬೇಕು. 2022ರಲ್ಲಿ ರಷ್ಯಾದಲ್ಲಿ ಸಿಕ್ಕಿಹಾಕಿಕೊಂಡ ನಾನೂರಕ್ಕೂ ಹೆಚ್ಚು ಬಾಡಿಗೆ ವಿಮಾನಗಳ ವ್ಯಾಜ್ಯದಲ್ಲೂ, ಹಣ ಯುದ್ಧದ ಪಾಲಿಸಿಯಿಂದ ಬರಬೇಕೋ ಸಾಮಾನ್ಯ ಪಾಲಿಸಿಯಿಂದಲೋ ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಯುದ್ಧದ ಪಾಲಿಸಿಯಿಂದ ಅಂತ ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿದ್ದು 2025ರ ಜೂನ್‌ನಲ್ಲಿ. ಅಷ್ಟು ದೊಡ್ಡ ಲಾಯರುಗಳಿಗೇ ಮೂರು ವರ್ಷ ಹಿಡಿಯಿತು. ನೀನು ಈಗಲೇ ಎರಡೂ ಒಂದೇ ಕಂಪನಿಯಲ್ಲಿ ಮಾಡಿಸಿದರೆ ಅರ್ಧ ತಲೆನೋವು ಕಡಿಮೆ.

ನಿನ್ನ ತಮ್ಮ ಮದುವೆಗಳಿಗೆ ಡ್ರೋನ್ ಹಾರಿಸುತ್ತಾನಲ್ಲ, ಅವನಿಗೂ ಹೇಳು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ಬಿಟ್ಟು ಉಳಿದದ್ದಕ್ಕೆಲ್ಲ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಛತ್ರದ ತುಂಬ ಮಕ್ಕಳಿರುತ್ತಾರೆ, ತಲೆಯ ಮೇಲೆ ಆ ರೆಕ್ಕೆ ತಿರುಗುವುದನ್ನು ನೋಡಿದರೆ ನನಗೆ ಮೈ ಜುಮ್ ಅನ್ನುತ್ತದೆ.

ಮೂವರು ಸೇರಿ ಕೊಳ್ಳುತ್ತಿದ್ದೀರಿ, ಹಾಗಾಗಿ ಪಾಲಿಸಿಯಲ್ಲಿ ಮೂವರ ಹೆಸರೂ ವಿಮೆ ಮಾಡಿಸಿದವರ ಜಾಗದಲ್ಲಿ ಇರಬೇಕು. ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರಲಿ. ನಿನ್ನದೊಂದೇ ಹೆಸರಿದ್ದು ಸ್ನೇಹಿತನ ಕೈಯಲ್ಲಿ ವಿಮಾನ ಮುರಿದರೆ, ನಿನಗೆ ಹಣ ಕೊಟ್ಟ ಕಂಪನಿ ಅದನ್ನು ಅವನಿಂದ ವಸೂಲಿ ಮಾಡಲು ಹೊರಡಬಹುದು, ಅದೂ ನಿನ್ನ ಹೆಸರಿನಲ್ಲೇ. ಅಷ್ಟಾದ ಮೇಲೆ ಸ್ನೇಹ ಎಲ್ಲಿ ಉಳಿಯುತ್ತದೆ?

ದೇವರ ದಯೆಯಿಂದ ಹಾಗಾಗದಿರಲಿ, ಆದರೂ ಪೆಟ್ಟು ಬಿದ್ದೇ ಬಿಟ್ಟರೆ ಮೊದಲು ಜನರನ್ನು ಹೊರಗೆ ತಗೊಂಡು ಬಾ, ಬೆಂಕಿ ಆರಿಸು. ಆಮೇಲೆ ಏನನ್ನೂ ಮುಟ್ಟಬೇಡ, ಯಾರಿಗೂ ಮುಟ್ಟಗೊಡಬೇಡ. ಅಪಘಾತದ ಅವಶೇಷವನ್ನು ತನಿಖೆಯವರ ಅನುಮತಿ ಇಲ್ಲದೆ ಕದಲಿಸುವ ಹಾಗಿಲ್ಲ. ಅಧಿಕಾರಿಗಳಿಗೆ, ಬ್ರೋಕರ್‌ಗೆ, ಕಂಪನಿಗೆ ಅವತ್ತೇ ತಿಳಿಸು, ಬರಹದಲ್ಲಿ. ಲಾಗ್‌ಬುಕ್ಕುಗಳನ್ನು ವಿಮಾನದೊಳಗೇ ಬಿಡದೆ ಆಫೀಸಿನ ಬೀರುವಿನಲ್ಲಿಡು, ಇಲ್ಲದಿದ್ದರೆ ವಿಮಾನದ ಜೊತೆ ಪುರಾವೆಯೂ ಸುಟ್ಟುಹೋಗುತ್ತದೆ. ಗಾಯಗೊಂಡವರ ಮನೆಗೆ ಹೋಗು, ಕೈ ಹಿಡಿದು ಮಾತಾಡು. ತಪ್ಪು ಯಾರದು, ಪರಿಹಾರ ಎಷ್ಟು ಅನ್ನುವ ಮಾತನ್ನು ಮಾತ್ರ ಕಂಪನಿಯವರ ಜೊತೆ ಆಡದೆ ಯಾರಿಗೂ ಕೊಡಬೇಡ.

ಬ್ರೋಕರ್ ಕರಡು ಕಳಿಸಿದ ಕೂಡಲೇ ಪ್ರಿಂಟ್ ತೆಗೆಸಿ ಇಲ್ಲಿಗೆ ಬಾ, ಸ್ನೇಹಿತರನ್ನೂ ಕರಕೊಂಡು. ಅಜ್ಜಿ ಅಕ್ಕಿರೊಟ್ಟಿ ಮಾಡ್ತಾಳೆ. ಮೊದಲ ಪುಟದ ದೊಡ್ಡಕ್ಷರ ನೀವು ಓದಿಕೊಳ್ಳಿ, ಹೊರತುಪಡಿಸಿದವುಗಳ ಪುಟವನ್ನು ನಾನು ಒಂದೊಂದೇ ಸಾಲು ಗಟ್ಟಿಯಾಗಿ ಓದ್ತೀನಿ. ಪೈಲಟ್‌ಗಳ ಷರತ್ತಿನಲ್ಲಿ ನಿಮ್ಮ ಮೂವರ ಗಂಟೆ ಸರಿಯಾಗಿ ಬರೆದಿದೆಯೇ ಅಂತ ನೋಡಬೇಕು, ಲಾಗ್‌ಬುಕ್ ತರೋದು ಮರೀಬೇಡ.