ಗುರುವಾರ ಮಧ್ಯಾಹ್ನದ ಟರ್ನಿಪ್

2020ರ ಮಾರ್ಚ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ನೋಡೋಕೆ ಮಕ್ಕಳಾಟ. ಒಂದು ದ್ವೀಪ, ಮಾತಾಡೋ ಪ್ರಾಣಿಗಳು, ಮೀನು ಹಿಡಿ, ಗಿಡ ನೆಡು, ಮನೆ ಸಾಲ ತೀರಿಸು. ಆದರೆ ಒಳಗೊಂದು ಸಟ್ಟಾ ಬಜಾರೇ ಇದೆ: ಟರ್ನಿಪ್ ಗಡ್ಡೆ ವ್ಯಾಪಾರ. ಜಪಾನಿ ಭಾಷೆಯಲ್ಲಿ ಟರ್ನಿಪ್‌ಗೂ ಷೇರಿಗೂ ‘ಕಾಬು’ ಅಂತಲೇ ಅನ್ನೋದು!

ಭಾನುವಾರ ಬೆಳಿಗ್ಗೆ ಡೇಸಿ ಮೇ ಅನ್ನೋ ಹಂದಿಮರಿ ಗಡ್ಡೆಗೆ 90ರಿಂದ 110 ಬೆಲ್‌ನಂತೆ ಮಾರ್ತಾಳೆ. ಸೋಮವಾರದಿಂದ ಶನಿವಾರದವರೆಗೆ ಅಂಗಡಿಯವರು ಕೊಳ್ಳುವ ಬೆಲೆ ದಿನಕ್ಕೆರಡು ಸಲ ಬದಲಾಗುತ್ತೆ. ಮುಂದಿನ ಭಾನುವಾರಕ್ಕೆ ಗಡ್ಡೆ ಕೊಳೆತುಹೋಗುತ್ತೆ.

ಈ ಬೆಲೆ ಸುಮ್ಮನೆ ಕುಣಿಯಲ್ಲ. ಮಾದರಿಗಳು ನಾಲ್ಕು: ಏರಿಳಿತ, ದೊಡ್ಡ ಜಿಗಿತ, ಸಣ್ಣ ಜಿಗಿತ, ಬರೀ ಇಳಿತ. ಈ ವಾರ ಯಾವುದು ಬರುತ್ತೆ ಅನ್ನೋದರ ಸಂಭವನೀಯತೆ ಹೋದ ವಾರದ ಮಾದರಿಯನ್ನಷ್ಟೇ ಅವಲಂಬಿಸಿದೆ. ಗಣಿತದ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಮಾರ್ಕೊವ್ ಚೈನ್ ಅಂದ್ರೆ ಇದೇ.

ಜಿಗಿತ ಶುರುವಾಗೋಕೆ ಗುರುವಾರ ಮಧ್ಯಾಹ್ನವೇ ಕೊನೆಯ ಗಡುವು. ಸೋಮವಾರದಿಂದ ಆ ಹೊತ್ತಿನವರೆಗೂ ಪ್ರತಿ ಬೆಲೆ ಹಿಂದಿನದಕ್ಕಿಂತ ಕಮ್ಮಿಯೇ ಇದ್ದರೆ ಅದು ಬರೀ ಇಳಿತದ ವಾರ. ಆಗಲೇ ಮಾರಿಬಿಡಿ. ‘ಹಾಕಿದ ದುಡ್ಡಾದ್ರೂ ಬರ್ಲಿ’ ಅಂತ ಶನಿವಾರದವರೆಗೆ ಕಾದು ನಾನು ಇನ್ನಷ್ಟು ಕಳ್ಕೊಂಡಿದ್ದೀನಿ. ಅಂಥ ವಾರದ ಮರುವಾರ ದೊಡ್ಡ ಜಿಗಿತ ಬರೋ ಸಾಧ್ಯತೆ 45%, ಮತ್ತೆ ಬರೀ ಇಳಿತ ಬರೋದು 5% ಮಾತ್ರ. ದೊಡ್ಡ ಜಿಗಿತದ ತುದಿಯಲ್ಲಿ ಬೆಲೆ ಕೊಂಡದ್ದರ ಎರಡರಿಂದ ಆರು ಪಟ್ಟು. ಉಳಿದ ಬೆಲ್ ಹಿಡ್ಕೊಂಡು ಭಾನುವಾರ ಬೇಗ ಏಳಿ. ಮಧ್ಯಾಹ್ನ ಹನ್ನೆರಡಕ್ಕೆ ಹಂದಿಮರಿ ಹೊರಟುಹೋಗ್ತಾಳೆ.