ಕಾರವಾರವೋ, ಮಣಿಪಾಲವೋ?

ಕುಮಟಾದವರಾದ ನೀವು ಸ್ತ್ರೀರೋಗ ಪೆಥಾಲಜಿಸ್ಟ್ ಕೆಲಸಕ್ಕೆ ಮಣಿಪಾಲಕ್ಕಲ್ಲ, ಕಾರವಾರದ ವೈದ್ಯಕೀಯ ಕಾಲೇಜಿಗೇ ಅರ್ಜಿ ಹಾಕಿ ಎಂಬುದು ನನ್ನ ಸಲಹೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶವನ್ನು ಸೀಳದೆ, ಇಡಿಯಾಗಿ ಡಬ್ಬಿಗೆ ತುರುಕಿ ಭಟ್ಕಳದಿಂದಲೋ ಹೊನ್ನಾವರದಿಂದಲೋ ಪರೀಕ್ಷೆಗೆ ಕಳಿಸಿದರೆ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಒಳಪೊರೆಗೆ ಸಕಾಲಕ್ಕೆ ತಲುಪುವುದಿಲ್ಲ. ಪರೀಕ್ಷಿಸಬೇಕಾದ ಭಾಗವೇ ಕೆಟ್ಟಿರುತ್ತದೆ. ಅಂಗಾಂಶದ ಕನಿಷ್ಠ 10 ಪಟ್ಟು ಫಾರ್ಮಲಿನ್ ಬೇಕು. ಇದನ್ನು ತಾಲೂಕು ಆಸ್ಪತ್ರೆಯವರ ಜೊತೆ ನಿಂತು ಕಲಿಸುವ ಸ್ತ್ರೀರೋಗ ಪೆಥಾಲಜಿ ಬಲ್ಲವರು ಜಿಲ್ಲೆಯಲ್ಲೇ ಇರಬೇಕು.

‘ಅಲ್ಲಿ ಕೇಸು ಕಡಿಮೆ, ಅಭ್ಯಾಸ ತಪ್ಪುತ್ತದೆ’ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. ಭಟ್ಕಳದವರಿಗಂತೂ ಕಾರವಾರಕ್ಕಿಂತ ಮಣಿಪಾಲವೇ ಹತ್ತಿರ, ಅವರ ಕೇಸುಗಳು ಅತ್ತಲೇ ಹೋಗಬಹುದು. ಹಾಗಾಗಿ ಉಳಿದ ಅಂಗಗಳ ಬಯಾಪ್ಸಿಯನ್ನೂ ನೋಡಲು ಒಪ್ಪಿಕೊಳ್ಳಿ. ಅಂಡಾಶಯದ ಅಪರೂಪದ ಗೆಡ್ಡೆಗಳಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆ ಎರಡನೇ ಅಭಿಪ್ರಾಯ ಪಡೆಯುವ ಏರ್ಪಾಡು, ವರ್ಷಕ್ಕೊಮ್ಮೆ ತರಬೇತಿಗೆ ಸಂಬಳಸಹಿತ ರಜೆ, ಇವೆರಡನ್ನೂ ಸಂದರ್ಶನದ ದಿನವೇ ಲಿಖಿತವಾಗಿ ಕೇಳಿ.