ಭಾರವೂ ಕಾಲವೂ

ಬಹು ದಿನಗಳ ಮೇಲೆ ಶಾಲೆಯನ್ನು ನೋಡಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರು, ಹೊಲಿಗೆಯ ಕೊಠಡಿಯ ನಟ್ಟನಡುವೆ ಹೊಸದಾಗಿ ನಿಂತಿರುವ ಕಂಬವನ್ನು ಕಂಡು, "ಇದೇತಕ್ಕೆ? ಕೊಠಡಿಯ ಅಂದವೇ ಕೆಟ್ಟಿತಲ್ಲ!" ಎಂದು ಕೇಳುತ್ತಿರುವರು. ತಾವು ಓದುತ್ತಿದ್ದಾಗ ಗಟ್ಟಿಯಾಗಿದ್ದ ತೊಲೆಗೆ ಈಗ ಬಂದ ಕೇಡೇನು, ಅದರ ಮೇಲೆ ಹೊಸ ಭಾರವನ್ನೇನೂ ಹೇರಿಲ್ಲವಷ್ಟೆ, ಎಂಬುದು ಅವರ ಸಂದೇಹ. ಸಂದೇಹವು ಯೋಗ್ಯವಾದುದೇ. ಅದಕ್ಕೆ ಉತ್ತರವಾಗಿ ಈ ಪಾಠವನ್ನು ಬರೆದಿದ್ದೇವೆ.

ಸುರುಳಿತಂತಿಗೆ ಭಾರವನ್ನು ತೂಗಹಾಕಿದರೆ ಅದು ಉದ್ದವಾಗುವುದೆಂದೂ, ಭಾರವನ್ನು ತೆಗೆದರೆ ಮೊದಲಿನಂತಾಗುವುದೆಂದೂ ನಾವೆಲ್ಲರೂ ತರಗತಿಯಲ್ಲಿ ಕಲಿತಿದ್ದೇವೆ. ಅದು ನಿಜವೇ, ಆದರೆ ತರಗತಿಯ ಪ್ರಯೋಗವು ಒಂದು ಗಂಟೆಯೊಳಗೆ ಮುಗಿಯತಕ್ಕದ್ದು. ಮನೆಯಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಹೊತ್ತಿರುವ ಹಲಗೆಯ ಸಂಗತಿ ಬೇರೆ. ಅದು ಮೊದಲ ವರ್ಷ ನೆಟ್ಟಗಿದ್ದು, ನಾಲ್ಕಾರು ವರ್ಷಗಳಲ್ಲಿ ನಡುವೆ ತಗ್ಗುವುದು. ಆಗ ಪಾತ್ರೆಗಳನ್ನೆಲ್ಲಾ ಇಳಿಸಿದರೂ ಪೂರ್ತಿಯಾಗಿ ನೆಟ್ಟಗಾಗುವುದಿಲ್ಲ. ಭಾರವು ಹೆಚ್ಚಲಿಲ್ಲ, ಕಾಲವು ಹೆಚ್ಚಿತು. ವಿಜ್ಞಾನಿಗಳು ಇದನ್ನು ಕ್ರೀಪ್ ಎನ್ನುವರು. ನಾವು ತೆವಳಿಕೆ ಎನ್ನಬಹುದು.

ಗಟ್ಟಿಯಾದ ಪದಾರ್ಥವು ತೆವಳದು, ಮೆತ್ತಗಿನದು ಮಾತ್ರವೇ ತೆವಳುವುದು ಎಂದು ತಿಳಿಯಬಾರದು. ಮ್ಯಾಕ್ಸ್‌ವೆಲ್ಲನು 1871ರಲ್ಲಿ ಪ್ರಕಟಿಸಿದ ಶಾಖವಿಷಯಕ ಗ್ರಂಥದಲ್ಲಿ ಒಂದು ಸೊಗಸಾದ ನಿದರ್ಶನವನ್ನು ಕೊಟ್ಟಿರುವನು. ಕೊಬ್ಬಿನ ಮೇಣದ ಬತ್ತಿಯು ಮುದ್ರೆಯ ಅರಗಿನ ಕಡ್ಡಿಗಿಂತ ಬಹಳ ಮೆತ್ತಗಿನದು. ಆದರೂ ಎರಡನ್ನೂ ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟು ಅಡ್ಡಲಾಗಿಟ್ಟರೆ, ಬೇಸಗೆಯ ಕೆಲವು ವಾರಗಳಲ್ಲಿ ಅರಗು ತನ್ನ ತೂಕಕ್ಕೇ ಬಾಗುವುದು, ಬತ್ತಿಯು ನೆಟ್ಟಗೇ ಇರುವುದು! ಅದೇ ಅರಗನ್ನು ತಟ್ಟನೆ ಬಗ್ಗಿಸಹೋದರೆ ಗಾಜಿನಂತೆ ಮುರಿಯುವುದು. ಲೋಹಗಳಲ್ಲಿ ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದಾದ್ದರಿಂದ ನಮ್ಮ ಸಾಧಾರಣ ಹವೆಯಲ್ಲಿಯೇ ತೆವಳುವುದು. ಕಬ್ಬಿಣಕ್ಕೆ ಹೆಚ್ಚು ಕಾವು ಬೇಕು.

ಮರದ ವಿಷಯದಲ್ಲಿ ಬಡಗಿಗಳಿಗೂ ಮನೆ ಕಟ್ಟಿಸುವವರಿಗೂ ತಿಳಿದಿರಬೇಕಾದ ಲೆಕ್ಕವೊಂದುಂಟು. ಕೆಲವು ನಿಮಿಷಗಳ ಪರೀಕ್ಷೆಯಲ್ಲಿ 100 ಮಣವನ್ನು ಹೊರಬಲ್ಲ ತೊಲೆಯು, ಹತ್ತಾರು ವರ್ಷ ಎಡೆಬಿಡದೆ ಹೊರಬೇಕಾದರೆ ಸುಮಾರು 60 ಮಣವನ್ನಷ್ಟೇ ಹೊತ್ತೀತು. ಮಳೆಗಾಲದಲ್ಲಿ ನೆನೆದು ಬೇಸಗೆಯಲ್ಲಿ ಒಣಗುವ ಮರವು ಇನ್ನೂ ಬೇಗನೆ ಬಾಗುವುದು.

ಹಾಗಾದರೆ ಕಲ್ಲು? ಬೇಲೂರಿಗೆ ಹೋದವರೆಲ್ಲರೂ ದೀಪಸ್ತಂಭದ ಬುಡದಲ್ಲಿ ಕಾಗದವನ್ನು ತೂರಿಸಿ ನೋಡಿ ಆಶ್ಚರ್ಯಪಡುವರು. ನಾವು ಅವರ ದೃಷ್ಟಿಯನ್ನು ಗುಡಿಯೊಳಗೆ, ಕಂಬಗಳ ಮೇಲೆ ಅಡ್ಡಲಾಗಿ ಮಲಗಿರುವ ತೊಲೆಗಳ ಕಡೆಗೆ ತಿರುಗಿಸಬಯಸುತ್ತೇವೆ. ಅಲ್ಲಿಯೂ ಹಳೇಬೀಡಿನಲ್ಲಿಯೂ ಬಳಸಿರುವುದು ಉಳಿಗೆ ಸುಲಭವಾಗಿ ಒಗ್ಗುವ ಬಳಪದ ಕಲ್ಲು. ಯಾವ ತೊಲೆಯಾದರೂ ಭಾರ ಹೊತ್ತಾಗ ಅದರ ಮೇಲ್ಭಾಗವು ಒತ್ತಲ್ಪಡುವುದು, ಕೆಳಭಾಗವು ಎಳೆಯಲ್ಪಡುವುದು. ಒತ್ತಡವನ್ನು ತಾಳುವುದರಲ್ಲಿ ಕಲ್ಲು ಬಲು ಗಟ್ಟಿ. ಎಳೆತವನ್ನು ತಾಳುವ ಶಕ್ತಿಯು ಅದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿನಿಂದಲೇ ಇರುವುವು. ಎಳೆತಕ್ಕೆ ಸಿಕ್ಕಿದ ಬಿರುಕಿನ ತುದಿಗೆ ತೇವವು ತಾಗಿದರೆ ಅಲ್ಲಿಯ ಅಣುಗಳ ಬಂಧವು ಸಡಿಲವಾಗಿ, ಬಿರುಕು ಕೂದಲೆಳೆಯಷ್ಟು ಮುಂದರಿಯುವುದು. ಹೀಗೆ ತಟ್ಟನೆ ಮುರಿಯಲು ಸಾಲದ ಭಾರವೇ ಬಹು ವರ್ಷಗಳಲ್ಲಿ ಮುರಿಯಲು ಸಾಕಾಗಬಹುದು.

ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಬೇಲೂರಿನ ದೇವರ ಪ್ರತಿಷ್ಠೆಯಾಯಿತು. ಸುಮಾರು 260 ವರ್ಷಗಳ ತರುವಾಯ, ಎರಡನೆಯ ಹರಿಹರನ ಆಳಿಕೆಯಲ್ಲಿ, 1381ರಲ್ಲಿ, ಗುಡಿಗೆ ನಾಲ್ಕು ಕಂಬಗಳನ್ನು ಆಸರೆಯಾಗಿ ಕೊಡಬೇಕಾಯಿತು. ಇಟ್ಟಿಗೆ, ಗಾರೆ, ಮರಗಳಿಂದ ಕಟ್ಟಿದ ಗರ್ಭಗುಡಿಯ ಮೇಲಣ ಶಿಖರವನ್ನು, ಕೆಳಗಿನ ಕಟ್ಟಡವು ಉಳಿಯಲೆಂದು 1879ರಲ್ಲಿ ಬಿಚ್ಚಿ ಇಳಿಸಿದರು. ಶಿಖರವಿಲ್ಲದ ಗುಡಿಯನ್ನು ನೋಡಿ ವ್ಯಸನಪಡುವವರು ಅನೇಕರು. ನಮಗೂ ವ್ಯಸನವೇ, ಆದರೆ ಇಳಿಸಿದವರು ಮಾಡಿದ್ದು ಸರಿಯೆಂದೇ ನಮ್ಮ ಮತ. 1381ರ ಕಂಬಗಳನ್ನೂ ಅಂದಗೆಡಿಸಿದುವೆಂದು ಅಂದಿನವರು ದೂರಿರಬಹುದು!

ಈ ಕಾಲದ ಇಂಜಿನಿಯರುಗಳು ತೆವಳಿಕೆಯನ್ನು ಮೊದಲೇ ಎಣಿಸಿಕೊಳ್ಳುವರು. ಹಳೇಬೀಡಿಗೆ ಹೋಗಲು ಅರಸೀಕೆರೆಯಲ್ಲಿ ರೈಲಿನಿಂದಿಳಿದಾಗ ಹಳಿಗಳ ಕೆಳಗಣ ಕಾಂಕ್ರೀಟ್ ಸ್ಲೀಪರುಗಳನ್ನು ನೋಡಿರಿ. ಅವುಗಳೊಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳಿರುವುವು. ಕಾಲಕ್ರಮದಲ್ಲಿ ಕಾಂಕ್ರೀಟು ಕುಗ್ಗಿ ತೆವಳಿ, ಉಕ್ಕಿನ ಬಿಗುಪೂ ಸ್ವಲ್ಪ ಸಡಿಲುವುದರಿಂದ, ಆ ನಷ್ಟವನ್ನು ಲೆಕ್ಕಹಾಕಿ ಮೊದಲೇ ಹೆಚ್ಚಾಗಿ ಬಿಗಿದಿರುವರು.

ಇನ್ನು ನಮ್ಮ ಕಂಬದ ಸಂಗತಿ. ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ಒಂದು ದಾರವನ್ನು ಬಿಗಿದು, ನಡುವೆ ತೊಲೆಗೂ ದಾರಕ್ಕೂ ಇರುವ ಅಂತರವನ್ನು ಅಳೆದು, ದಿನಾಂಕದೊಡನೆ ಗೋಡೆಯ ಮೇಲೆ ಬರೆದೆವು. (ದಾರವೂ ತೆವಳುವುದಾದ್ದರಿಂದ ಪ್ರತಿಸಲವೂ ಬಿಗಿದೇ ಅಳೆಯಬೇಕು.) ಬಾಗುವಿಕೆಯು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಾ ಬಂದರೆ ಅಷ್ಟಾಗಿ ಭಯವಿಲ್ಲ, ಒಂದೇ ಸಮನಾಗಿದ್ದರೆ ಎಚ್ಚರಿಕೆಯಿಂದ ಕಾಯಬೇಕು, ಹೆಚ್ಚುತ್ತಾ ಹೋದರೆ ಅದು ಮುರಿಯುವುದಕ್ಕೆ ಮುಂಚಿನ ಕಡೆಯ ಅವಸ್ಥೆ. ನಮ್ಮ ತೊಲೆಯು ಮೊದಲ ವರ್ಷ ಅರೆಕಾಲು ಅಂಗುಲ, ಎರಡನೆಯ ವರ್ಷ ಕಾಲು ಅಂಗುಲ, ಮೂರನೆಯ ವರ್ಷ ಅರ್ಧ ಅಂಗುಲ ಇಳಿಯಿತು. ಅದರ ಕೆಳಗೆ ದಿನವೂ 30 ಮಂದಿ ಹುಡುಗಿಯರು ಕುಳಿತು ಹೊಲಿಯುವರು. ಆ ಅಳತೆಗಳು ಕಿಟಕಿಯ ಪಕ್ಕದ ಗೋಡೆಯ ಮೇಲೆ ಇನ್ನೂ ಇರುವುವು, ಬಂದವರು ನೋಡಬಹುದು.